ಉಸಿರು ಮಾತ್ರ ಅವಳದು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಪಾಪು ಎಂದೇ ಕರೆಯುತ್ತಿದ್ದರು. ತಲೆಕೂದಲು ಅರ್ಧಕ್ಕರ್ಧ ಬೆಳ್ಳಗಾಗಿದ್ದರೂ ಆ ಹೆಸರು ಬದಲಾಗಿರಲಿಲ್ಲ. ಬೇರೆ ಭಾಷೆಯ ಸಿನಿಮಾಗಳು ಕನ್ನಡಕ್ಕೆ ಬರುವಾಗ ಅವುಗಳಲ್ಲಿನ ಮಕ್ಕಳೆಲ್ಲ ಅವಳ ಗಂಟಲಿನಿಂದಲೇ ಅಳುತ್ತಿದ್ದರು, ನಗುತ್ತಿದ್ದರು, ಹಟ ಹಿಡಿಯುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವರು ಮರ್ಯಾದೆಗೆಂದು ಪಾಪಕ್ಕ ಅನ್ನುತ್ತಿದ್ದರು. ಮನೆಯಲ್ಲಿ ತಂಗಿಯ ಮಗಳಿಗೆ ಅವಳು ದೊಡ್ಡಮ್ಮ. ಅಲ್ಲಿ ಪಾಪು, ಇಲ್ಲಿ ದೊಡ್ಡಮ್ಮ, ನಿನಗೆ ನಿಜವಾದ ವಯಸ್ಸು ಅಂತ ಒಂದಿದೆಯಾ ಅಕ್ಕಾ, ಎಂದು ತಂಗಿ ಆಗಾಗ ಕೆಣಕುತ್ತಿದ್ದಳು.

ಈ ಸಲ ಬಂದದ್ದು ಹಿಂದಿಯ ಮಕ್ಕಳ ಸಿನಿಮಾ. ಅದರ ನಾಯಕ ಅಗಲ ಕಿವಿಯ ಒಬ್ಬ ಹುಡುಗ. ಶಾಲೆಯಲ್ಲಿ ಎಲ್ಲರೂ ಅವನ ಕಿವಿ ಹಿಂಡಿ ನಗುತ್ತಾರೆ. ಒಂದು ದಿನ ಸಿಡಿಲು ಬಡಿದ ಕಂಬದ ಕೆಳಗೆ ನಿಂತಿದ್ದವನಿಗೆ ಊರಿನ ಆಚೆ ತುದಿಯಲ್ಲಿ ಯಾರು ಪಿಸುಗುಟ್ಟಿದರೂ ಕೇಳಿಸತೊಡಗುತ್ತದೆ. ಆಮೇಲೆ ನೀಲಿ ಮುಖವಾಡ, ಹಳದಿ ಕೈಗವಸು, ಕಷ್ಟದಲ್ಲಿದ್ದವರ ಕಡೆಗೆ ಹಾರಾಟ. ಕನ್ನಡದಲ್ಲಿ ಅವನಿಗೆ ಕಿವಿಶೂರ ಎಂದು ಹೆಸರಿಟ್ಟಿದ್ದರು. ಅವನ ಪಾತ್ರವೂ ಸಹಜವಾಗಿ ಪಾಪಕ್ಕನಿಗೇ ಬರಬೇಕಿತ್ತು. ಆದರೆ ಡಬ್ಬಿಂಗ್ ನಿರ್ದೇಶಕರು ಈ ಸಲ ನಿಜವಾದ ಮಗುವಿನ ಧ್ವನಿಯೇ ಬೇಕೆಂದರು. ಆಗ ತಂಗಿಯ ಮಗಳ ಹೆಸರು ಹೇಳಿದವಳು ಅವಳೇ.

ಹುಡುಗಿಗೆ ಮನೆಯಲ್ಲಿ ಕಪ್ಪೆಮರಿ ಎಂದು ಹೆಸರು. ಹುಟ್ಟಿನಿಂದಲೂ ಒಡಕು ಗಂಟಲು. ಡಾಕ್ಟರು ಬೆಳಕು ಬಿಟ್ಟು ನೋಡಿ ಏನೂ ತೊಂದರೆಯಿಲ್ಲ, ಇವಳ ಗಂಟಲು ಇರುವುದೇ ಹೀಗೆ ಎಂದಿದ್ದರು. ಮನೆಯಲ್ಲಿ ಅದು ಮುದ್ದಿನ ಹೆಸರು. ಶಾಲೆಯಲ್ಲಿ ಮಾತ್ರ ಅವಳು ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನವರು ವಟಗುಟ್ಟುತ್ತಿದ್ದರು. ಅವಳು ಓದುವುದನ್ನೇ ಬಿಟ್ಟಿದ್ದಳು. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ನಿರ್ದೇಶಕರು ಅವಳಿಂದ ಒಂದೆರಡು ಮಾತು ಆಡಿಸಿ ನೋಡಿದರು. ಕಿವಿ ಹಿಂಡಿಸಿಕೊಂಡ ಹುಡುಗನಿಗೆ ಇಂಥ ಗಂಟಲೇ ಸರಿ ಎಂದು ಅಲ್ಲೇ ಒಪ್ಪಿಬಿಟ್ಟರು.

ಶಾಲೆಯ ರಜೆಯಲ್ಲಿ ಕೆಲಸ ನಡೆಯಿತು. ದಪ್ಪ ಬಟ್ಟೆ ಹೊದಿಸಿದ ಗೋಡೆಗಳ ಕೋಣೆ. ಮೈಕಿನ ಮುಂದೆ ಹುಡುಗಿಗೆಂದು ಇಟ್ಟ ಮರದ ಪೆಟ್ಟಿಗೆ. ಪರದೆಯ ಮೇಲೆ ಬಾಯಾಡಿಸುವ ಕಿವಿಶೂರ. ಹಿಂದಿಯಲ್ಲಿ ಚುಟುಕಾಗಿ ಮುಗಿಯುವ ಮಾತು ಕನ್ನಡದಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ ಅವನ ಬಾಯಿ ಮುಚ್ಚಿರುತ್ತಿತ್ತು. ಹುಡುಗಿ ಬಿದ್ದು ಎದ್ದು ಅವನನ್ನು ಹಿಡಿದಳು. ರೆಕಾರ್ಡಿಂಗ್ ನಡೆಯುವಾಗ ಸದ್ದಾಗಬಾರದೆಂದು ಫ್ಯಾನ್ ಆರಿಸುತ್ತಿದ್ದರು. ಬೆವರಿಳಿಯುವ ಹುಡುಗಿಯ ಹಣೆಯನ್ನು ದೊಡ್ಡಮ್ಮ ಸೆರಗಿನಿಂದ ಒರೆಸುತ್ತಿದ್ದಳು. ಕೊನೆಯ ರೀಲಿನ ದಿನ ಹುಡುಗಿಗೆ ನೆಗಡಿ. ಆದರೂ ಮುಗಿಸಿದಳು. ಮನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತ ಹೆಂಗಸಿಗೆ ತಾನಾಗಿ, ಕೇಳಿಸುವಂತೆ, ನಾನು ಕಿವಿಶೂರ ಎಂದು ಹೇಳಿದಳು.

ಎಲ್ಲರ ಧ್ವನಿಯೂ ಮುಗಿದ ಮೇಲೆ ಪೂರ್ತಿ ಸಿನಿಮಾ ಹಾಕಿ ಕೇಳುವುದು, ಕೇಳಿ ಮುಗಿದೊಡನೆ ನಿರ್ದೇಶಕರು ಕುರ್ಚಿ ತಿರುಗಿಸಿ ಪಾಪಕ್ಕನ ಮುಖ ನೋಡುವುದು ಆ ಸ್ಟುಡಿಯೋದ ಹಳೆಯ ಪದ್ಧತಿ. ಅವಳು ತಲೆಯಾಡಿಸಿದರೆ ಕೆಲಸ ಮುಗಿಯಿತು. ಹಿಡಿಸದಿದ್ದರೆ ಅವಳು ನೇರವಾಗಿ ಹೇಳುವವಳಲ್ಲ. ಯಾರ ಮನಸ್ಸಿಗೂ ನೋವಾಗದಿರಲೆಂದು, ಇನ್ನೊಂದ್ಸಲ ಕೇಳೋಣ್ವಾ, ಅನ್ನುತ್ತಿದ್ದಳು. ಆ ಕೋಣೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ, ಇದು ನಡೆಯುವುದಿಲ್ಲ ಎಂದು. ಅದು ಅವಳಿಗೂ ಗೊತ್ತು.

ಆ ದಿನವೂ ನಿರ್ದೇಶಕರು ಕುರ್ಚಿ ತಿರುಗಿಸಿದರು.

ತಲೆಯಾಡಿಸಬೇಕೆಂದೇ ಅವಳಿದ್ದಳು. ಕೊನೆಯ ರೀಲಿನಲ್ಲಿ ಒಂದು ಮಗು ಕುಸಿದ ಕಟ್ಟಡದ ಕೆಳಗೆ ಸಿಕ್ಕಿಕೊಂಡಿರುತ್ತದೆ. ಕಿವಿಶೂರ ಇಡೀ ಊರನ್ನು ಸುಮ್ಮನಿರಿಸಿ, ಕಲ್ಲುಗಳಿಗೆ ಕಿವಿಯಿಟ್ಟು, ಒಳಗಿನ ಮಗುವಿಗೆ ಹೇಳುತ್ತಾನೆ: ಮಾತಾಡ್ಬೇಡ, ಉಸಿರಾಡು ಸಾಕು, ನಂಗೆ ಕೇಳಿಸ್ತಿದೆ. ಹುಡುಗಿಯ ಗಂಟಲು 'ಕೇಳಿಸ್ತಿದೆ' ಎನ್ನುವಲ್ಲಿ ಸೀಳಿಕೊಂಡಿತ್ತು. ನಿಜವಾಗಿ ತಪ್ಪಾಗಿತ್ತೇ? ತಪ್ಪೆಂದು ಖಚಿತವಾಗಿ ಅವಳಿಗೆ ಅನ್ನಿಸಿರಲಿಲ್ಲ. ಆದರೆ ಸರಿಯೆಂದೂ ಅನ್ನಿಸಿರಲಿಲ್ಲ. ನನ್ನ ಮನೆಯ ಮಗು ಎಂದು ಸಡಿಲ ಬಿಟ್ಟೆನೇನೋ ಎಂಬ ಅಳುಕು ಬೇರೆ. ಅಳುಕಿನಿಂದಲೇ ಬಾಯಿ ತೆರೆದಳು.

"ಸರ್, ಕೊನೇ ರೀಲು ಇನ್ನೊಂದ್ಸಲ ಕೇಳೋಣ್ವಾ?"

ಕೇಳಿದರು. ಕೊನೆಯದನ್ನು ಕೇಳಿದ ಮೇಲೆ ಮೊದಲನೆಯದನ್ನೂ ಹಾಕಿಸಿದರು. ಒಮ್ಮೆ ಅನುಮಾನ ಹೊಕ್ಕ ಕಿವಿಗೆ ಎಲ್ಲ ಕಡೆಯೂ ಅದೇ ಕೇಳಿಸುತ್ತದೆ. ಸಂಜೆಯ ಹೊತ್ತಿಗೆ, ಇಡೀ ಸಿನಿಮಾದಲ್ಲಿ ಹುಡುಗನಿಗೆ ಕಾಯಿಲೆ ಬಂದ ಹಾಗಿದೆ ಎಂಬ ತೀರ್ಮಾನವಾಯಿತು. ಹುಡುಗಿಯನ್ನೇ ಮತ್ತೆ ಕರೆಸೋಣವೇ ಎಂದು ಅವಳು ಕೇಳಿದಳು. ಕೇಳಿದ್ದೇನೋ ನಿಜ, ಆದರೆ ಕೇಳುವ ದನಿಯಲ್ಲಿ ಬಲವಿರಲಿಲ್ಲ. ಅಷ್ಟು ಸಮಯ ಎಲ್ಲಿದೆ ಪಾಪು, ನೀವೇ ಅವಳ ಥರ ಮಾಡಿಬಿಡಿ, ಸ್ವಲ್ಪ ಸ್ಪಷ್ಟವಾಗಿರಲಿ ಅಷ್ಟೇ ಎಂದರು ನಿರ್ದೇಶಕರು. ಮಗುವಿನ ಹೆಸರು ಪರದೆಯ ಮೇಲೆ ಹಾಗೇ ಇರುತ್ತದೆ, ಅದಕ್ಕೆ ಯಾಕೆ ಸುಮ್ಮನೆ ಬೇಜಾರು ಮಾಡುವುದು ಎಂದೂ ಸೇರಿಸಿದರು.

ಮರದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಅವಳು ನಿಂತಳು. ಹುಡುಗಿಯ ಗಂಟಲು ಮೊದಲು ಸಿಗಲಿಲ್ಲ. ಬರೀ ಕರಕರ ಎಂದರೆ ಮುದುಕನ ಹಾಗಾಗುತ್ತಿತ್ತು. ಆಮೇಲೆ ಬಸ್ಸು ನೆನಪಾಯಿತು. ಪ್ರತಿ ಸಲವೂ ಬಸ್ ಹತ್ತಿದ ಕೂಡಲೇ ಹುಡುಗಿ ದೊಡ್ಡಮ್ಮನ ಕೈ ಜಗ್ಗಿ, ಇಲ್ಲ ಅನ್ನುತ್ತಾಳೇನೋ ಎಂಬ ಹಾಗೆ, ಕಿಟಕಿ ಹತ್ರ ನಾನು ಕೂತ್ಕೊಳ್ಲಾ ಎಂದು ಕೇಳುತ್ತಿದ್ದಳು. ಒಮ್ಮೆಯೂ ಇಲ್ಲ ಅಂದವಳಲ್ಲ ದೊಡ್ಡಮ್ಮ. ಆದರೂ ಕೇಳುತ್ತಿದ್ದಳು. ಆ ಪ್ರಶ್ನೆಯನ್ನು ಮನಸ್ಸಿನೊಳಗೆ ಒಮ್ಮೆ ಹೇಳಿಕೊಂಡು ಬಾಯಿ ತೆರೆದರೆ ಧ್ವನಿ ತಾನಾಗಿ ಬಂದುಬಿಟ್ಟಿತು. ಅದೇ ಒಡಕು, ಅದೇ ಅಂಜಿಕೆ. ಆದರೆ ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ. ಗಾಜಿನಾಚೆ ನಿರ್ದೇಶಕರು ಎದ್ದು ನಿಂತರು. ಅವಳಿಗೆ ಸಂತೋಷವಾಯಿತು. ಆಮೇಲೆ ಅವಳನ್ನು ಹೆಚ್ಚು ಚುಚ್ಚಿದ್ದು ಈ ಸಂತೋಷವೇ.

ಓಡುವುದು, ಬೀಳುವುದು, ಬಿಕ್ಕುವುದು, ಏದುಸಿರು ಬಿಡುವುದು ಮಾತ್ರ ಉಳಿದಿತ್ತು. ಸೌಂಡ್ ಎಂಜಿನಿಯರ್ ಒಳ್ಳೆಯ ಹುಡುಗ. "ಪಾಪಕ್ಕ, ಉಸಿರೆಲ್ಲ ಅವಳದ್ದೇ ಇಟ್ಕೋತೀನಿ, ಚೆನ್ನಾಗೇ ಇದೆ. ನಿಮ್ಮ ಮಂಡಿನೋವಲ್ಲಿ ನೀವೆಲ್ಲಿ ಹಾರಾಡ್ತೀರ," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮನೆಗೆ ಬಂದರೆ ಅಲ್ಲಿ ಬೇರೆಯದೇ ಗಾಳಿ. ತಂಗಿ ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕತ್ತರಿಸಿ ಹೊಲಿದು ಕೊಡುವವಳು. ಗಿರಾಕಿಗಳ ಕಾಲ ಬಳಿ ಕುಳಿತು, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ, ಮಗಳ ಸಿನಿಮಾದ ಕಥೆ ಹೇಳುತ್ತಿದ್ದಳಂತೆ. ರಜೆ ಮುಗಿದು ಶಾಲೆ ಶುರುವಾಗಿತ್ತು, ಹುಡುಗಿ ತರಗತಿಯಲ್ಲಿ ಎದ್ದು ನಿಂತು ಓದಿದಳಂತೆ. ಹಿಂದಿನ ಬೆಂಚಿನವರು ವಟಗುಟ್ಟಿದ್ದಕ್ಕೆ, ನಗ್ರಪ್ಪಾ ನಗ್ರಿ, ದುಡ್ಡು ಕೊಟ್ಟು ಕೇಳೋಕೆ ಬರ್ತೀರಲ್ಲ ಆಗ ನಗ್ರಿ ಅಂದಳಂತೆ. ಟೀಚರಮ್ಮ ಕೂಡಾ ನಕ್ಕರಂತೆ. ಹೆತ್ತವರನ್ನು ಕರೆಯುವ ದಿನ ವೇದಿಕೆಯ ಮೇಲೆ ಕಿವಿಶೂರನ ಕೊನೆಯ ದೃಶ್ಯವನ್ನು ಅವಳಿಂದಲೇ ಆಡಿಸಬೇಕೆಂದು ತೀರ್ಮಾನವಾಗಿತ್ತು.

ಇದನ್ನು ಕೇಳಿದಾಗ ದೊಡ್ಡಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಸಿನಿಮಾ ನೋಡಿ ಬಂದ ಮಕ್ಕಳೆಲ್ಲ ಅಲ್ಲಿ ಕುಳಿತಿರುತ್ತಾರೆ. ಅವರ ಕಿವಿಯಲ್ಲಿ ತೊಳೆದಿಟ್ಟ ಧ್ವನಿ ಇರುತ್ತದೆ. ಎದುರಿಗೆ ಇವಳು ಬಾಯಿ ತೆರೆಯುತ್ತಾಳೆ. ಆಗ ಬೀಳುವ ನಗೆಗೆ ಇವಳು ಏನು ಉತ್ತರ ಕೊಟ್ಟಾಳು? ಈಗಷ್ಟೇ ತೆರೆದ ಬಾಯಿ ಮತ್ತೆ ಮುಚ್ಚಿದರೆ?

ಹೇಳಿಬಿಡಬೇಕು ಎಂದುಕೊಂಡಳು. ಬಟ್ಟೆ ಒಣಹಾಕುವಾಗ ಹೇಳಬೇಕೆಂದು ಹೋದಳು. ಹುಡುಗಿ ಒದ್ದೆ ಟವೆಲನ್ನು ಹೆಗಲಿಗೆ ಕಟ್ಟಿಕೊಂಡು ಹಾರುತ್ತಿದ್ದಳು. ಊಟಕ್ಕೆ ಕುಳಿತಾಗ ಶುರುಮಾಡಿದಳು, ತಂಗಿ ಬೇರೆ ಮಾತು ತೆಗೆದಳು. ನಿಜ ಹೇಳಬೇಕೆಂದರೆ ತಂಗಿ ಬೇರೆ ಮಾತು ತೆಗೆದಾಗ ಅವಳಿಗೆ ಹಾಯೆನಿಸಿತು. ಸಿನಿಮಾ ಬರಲಿ, ನೋಡಿದರೆ ಆಯಿತು, ಮಗುವಿಗೆ ಗೊತ್ತೇ ಆಗದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟು ಚೆನ್ನಾಗಿ ಮಾಡಿದ್ದೇನಲ್ಲ, ಎಂದೂ ಒಂದು ಮಾತು ಒಳಗೆ ಬಂತು. ಅದಕ್ಕೆ ನಾಚಿಕೆಯಾಯಿತು.

ಸಿನಿಮಾ ಬಂತು. ರಜೆಯ ದಿನ ಬೆಳಗಿನ ಆಟಕ್ಕೆ ಮೂವರೂ ಹೋದರು. ತಂಗಿ ಅಂಗಡಿಯ ಗೆಳತಿಯರನ್ನೂ ಕರೆತಂದಿದ್ದಳು. ಹುಡುಗಿ ಅಮ್ಮ ಮತ್ತು ದೊಡ್ಡಮ್ಮನ ನಡುವೆ ಸೀಟಿನ ತುದಿಯಲ್ಲಿ ಕುಳಿತು ಕಾಲು ಆಡಿಸುತ್ತಿದ್ದಳು. ಕಿವಿಶೂರ ಪರದೆಗೆ ಬಂದು ಮೊದಲ ಮಾತು ಆಡಿದ. ಆಡುತ್ತಿದ್ದ ಕಾಲು ನಿಂತಿತು.

ತಂಗಿ ಮಗಳನ್ನು ಮೊಣಕೈಯಿಂದ ತಿವಿದು, ನೀನೇ ಕಣೇ ಎಂದು ಪಿಸುಗುಟ್ಟಿದಳು. ಹುಡುಗಿ ಅಮ್ಮನ ಕಡೆಗೆ ತಿರುಗಿ ನಕ್ಕಳು. ಪರದೆಯ ನೀಲಿ ಬೆಳಕಿನಲ್ಲಿ ಆ ನಗೆಯನ್ನು ದೊಡ್ಡಮ್ಮ ಪಕ್ಕದಿಂದ ನೋಡಿದಳು. ಮಕ್ಕಳು ಫೋಟೋಕ್ಕೆ ನಗುವ ಹಾಗಿತ್ತು. ಸಿನಿಮಾದ ಉಳಿದ ಭಾಗ ಅವಳ ತಲೆಗೆ ಹೋಗಲಿಲ್ಲ. ಪ್ರತಿ ಸಲ ಕಿವಿಶೂರ ಬಾಯಿ ತೆರೆದಾಗಲೂ ಆಡದೆ ನಿಂತ ಆ ಕಾಲನ್ನೇ ನೋಡುತ್ತಿದ್ದಳು.

ಕೊನೆಯ ದೃಶ್ಯ ಬಂತು. ಕಿವಿಶೂರ ಕೈ ಎತ್ತಿದ, ಊರೆಲ್ಲ ಸುಮ್ಮನಾಯಿತು. ಚಿತ್ರಮಂದಿರವೂ ಸುಮ್ಮನಾಯಿತು. ಅವನು ಕಲ್ಲುಗಳ ಮೇಲೆ ಬಾಗಿದ. ಆಗ ಉಸಿರು ಕೇಳಿಸಿತು. ಒಳಗೆಳೆದುಕೊಂಡದ್ದು, ಬಿಟ್ಟದ್ದು, ನಾಲ್ಕೂ ಗೋಡೆಗಳಿಂದ. ಹುಡುಗಿ ಮುಂದಿನ ಸೀಟಿನ ಬೆನ್ನಿಗೆ ಗದ್ದ ಊರಿ, ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಮಾತು ಬಂದಾಗ ಮತ್ತೆ ಹಿಂದಕ್ಕೆ ಒರಗಿದಳು.

ಹೆಸರುಗಳು ಉರುಳುವವರೆಗೂ ತಂಗಿ ಯಾರನ್ನೂ ಏಳಲು ಬಿಡಲಿಲ್ಲ. ಪೊರಕೆ ಹಿಡಿದ ಹೆಂಗಸು ಪಕ್ಕದಲ್ಲಿ ನಿಂತು ಕಾಯುತ್ತಿದ್ದಳು. ಮಗಳ ಹೆಸರು ಬಂದಾಗ ತಂಗಿ ಅವಳಿಗೂ ತೋರಿಸಿದಳು.

ಹೊರಗೆ ಗೆಳತಿಯರ ಮಾತು ಮುಗಿಯುವ ಹಾಗಿರಲಿಲ್ಲ. ಹುಡುಗಿ ಕೈ ತೊಳೆಯಬೇಕೆಂದಳು. ಒದ್ದೆ ನೆಲದ ಬಚ್ಚಲಲ್ಲಿ, ಕನ್ನಡಿಯ ಮುಂದೆ, ನಲ್ಲಿ ಬಿಟ್ಟು ಕೈಯೊಡ್ಡಿದಳು. ದೊಡ್ಡಮ್ಮ ಹಿಂದೆ ನಿಂತಿದ್ದಳು.

"ಮಾತಾಡಿದ್ದು ನೀನು," ಎಂದಳು ಹುಡುಗಿ, ಕನ್ನಡಿಗೆ.

ದೊಡ್ಡಮ್ಮ ಕನ್ನಡಿಯಿಂದ ಕಣ್ಣು ತೆಗೆದು ಸುರಿಯುವ ನಲ್ಲಿಯನ್ನು ನೋಡಿದಳು.

"ಉಸಿರು ಮಾತ್ರ ನಂದು. ಅವತ್ತು ಮೂಗು ಕಟ್ಟಿತ್ತಲ್ಲ, ಎಳ್ಕೊಂಡಾಗ ಸೀಟಿ ಬರುತ್ತೆ. ಅದು ಬಂತು." ನಲ್ಲಿ ನಿಲ್ಲಿಸಿದಳು. "ಸರ್‌ಗೆ ಇಷ್ಟ ಆಗ್ಲಿಲ್ವಾ?"

ಇಲ್ಲ, ಶುರುಮಾಡಿದ್ದು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ದೊಡ್ಡಮ್ಮ, ಕೊನೇ ರೀಲು ಸ್ವಲ್ಪ, ಎಂದು ಏನೋ ಗೊಣಗಿ ತಲೆಯಾಡಿಸಿದಳು. ಅದು ಹೌದು ಎಂದೇ ಆಯಿತು.

ಅಮ್ಮಂಗೆ ಹೇಳ್ಬೇಡ ಎಂದಳು ಹುಡುಗಿ. ಅಮ್ಮ ಅಂಗಡಿಯಲ್ಲೆಲ್ಲ ಹೇಳಿಬಿಟ್ಟಿದ್ದಾಳೆ, ಪೊರಕೆಯವಳನ್ನೂ ಬಿಟ್ಟಿಲ್ಲ, ಈಗ ಗೊತ್ತಾದರೆ ಯಾವ ಮುಖ ಇಟ್ಟುಕೊಂಡು ಹೋಗುತ್ತಾಳೆ ಎಂದು ದೊಡ್ಡವಳ ಹಾಗೆ ಲೆಕ್ಕ ಹಾಕಿದಳು. ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಮೊದಲ ಸಲ ಕನ್ನಡಿ ಬಿಟ್ಟು ನೇರವಾಗಿ ನೋಡಿದಳು.

"ದೊಡ್ಡಮ್ಮ, ಆ ಥರ ಮಾತಾಡೋದು ನಂಗೆ ಹೇಳ್ಕೊಡ್ತೀಯಾ? ಸ್ಕೂಲಲ್ಲಿ ಮಾಡ್ಬೇಕಲ್ಲ."

ಒಪ್ಪದೆ ಇರಲು ಅವಳಿಗೆ ಯಾವ ಹಕ್ಕೂ ಉಳಿದಿರಲಿಲ್ಲ. ತಂಗಿ ಅಂಗಡಿಯಲ್ಲಿರುವ ಹೊತ್ತಿನಲ್ಲಿ, ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಹೊದಿಕೆ ಇಳಿಬಿಟ್ಟು ಪಾಠ ಶುರುವಾಯಿತು. ಹುಡುಗಿ ಮಂಚದ ಮೇಲೆ ನಿಂತಳು. ಗದ್ದ ಸ್ವಲ್ಪ ಮೇಲೆ, ಭುಜ ಸಡಿಲ, ಉಸಿರು ಹೊಟ್ಟೆಯಿಂದ. ಹೇಳಿಕೊಟ್ಟದ್ದನ್ನೆಲ್ಲ ಮಗು ಹೀರಿಕೊಂಡಿತು. ಕೊನೆಯ ಮಾತಿನಲ್ಲಿ ಮಾತ್ರ ಪ್ರತಿ ಸಲವೂ ಗಂಟಲು ಅದೇ ಜಾಗದಲ್ಲಿ ಸೀಳುತ್ತಿತ್ತು.

"ಹಾಗಲ್ಲ ಪುಟ್ಟ. 'ಕೇಳಿಸ್ತಿದೆ' ಅನ್ನೋವಾಗ ಗಂಟಲು ಬಿಡ್ಬೇಡ. ಮೇಲಿಂದ ಹೇಳು. ನೀನು ಹೇಳ್ತಿರೋದು ಅವನ ಥರ ಇಲ್ಲ."

ತಾನು ಹೇಳಿದ್ದು ಆಮೇಲೆ ದೊಡ್ಡಮ್ಮನಿಗೇ ಕೇಳಿಸಿತು. ಇವಳ ಗಂಟಲನ್ನು ಕದ್ದು ಮಾಡಿದ ಧ್ವನಿಯನ್ನು ಇವಳಿಗೇ ಕಲಿಸಿ, ಸರಿಯಿಲ್ಲ ಎಂದು ತಿದ್ದುತ್ತಿದ್ದಾಳೆ. ಮಂಚದ ತುದಿಯಲ್ಲಿ ಕುಳಿತುಬಿಟ್ಟಳು. ಕೂತವಳು ಎಲ್ಲವನ್ನೂ ಹೇಳಿದಳು. ಸರ್ ಏನೂ ಅಂದಿರಲಿಲ್ಲ, ಅವರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು, ಇನ್ನೊಂದ್ಸಲ ಕೇಳೋಣ್ವಾ ಅಂದವಳು ನಾನು. ಆ ಮಾತಿಗೆ ಅಲ್ಲಿ ಏನರ್ಥವೆಂದೂ ಬಿಡಿಸಿ ಹೇಳಿದಳು.

ಹುಡುಗಿ ಹಾಸಿಗೆ ಬಟ್ಟೆಯ ಅಂಚನ್ನು ಕಾಲ್ಬೆರಳಿನಿಂದ ಹಿಡಿಯುತ್ತಾ ಬಿಡುತ್ತಾ ನಿಂತಿದ್ದಳು.

"ನಿಜವಾಗ್ಲೂ ಚೆನ್ನಾಗಿರ್ಲಿಲ್ವಾ?"

ಸುಳ್ಳು ಹೇಳಬಾರದು, ನೋಯಿಸಲೂ ಬಾರದು. ದೊಡ್ಡಮ್ಮ ತಡಕಾಡಿದಳು. ಇಷ್ಟು ವರ್ಷ ಮಕ್ಕಳೆಂದರೆ ತನ್ನ ಬಾಯಿಂದ ಹೊರಟ ಮಕ್ಕಳೇ. ಅವರ ಧ್ವನಿ ಒಡೆಯುವುದಿಲ್ಲ, ಅವರಿಗೆ ನೆಗಡಿಯಾಗುವುದಿಲ್ಲ. ಆ ಧ್ವನಿಗಳನ್ನೇ ಕೇಳಿ ಕೇಳಿ, ನಿಜವಾದ ಮಗುವೊಂದು ಮಾತಾಡಿದಾಗ ಎಲ್ಲೋ ತಪ್ಪಿದೆ ಅನ್ನಿಸಿತ್ತು. ಇದನ್ನು ಮಗುವಿಗೆ ಹೇಗೆ ಹೇಳುವುದು?

"ನನ್ನ ಕಿವಿಗೆ ಅಭ್ಯಾಸ ಇರ್ಲಿಲ್ಲ," ಎಂದಳು. "ತಪ್ಪು ನಿನ್ನದಲ್ಲ. ವೇದಿಕೆ ಮೇಲೆ ನಿನ್ನ ಥರಾನೇ ಹೇಳು. ಅದೇ ಸರಿ."

ಹುಡುಗಿ ಸಿಟ್ಟು ಮಾಡುತ್ತಾಳೆ, ಅಳುತ್ತಾಳೆ ಎಂದು ದೊಡ್ಡಮ್ಮ ಕಾದಳು. ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಅವರು ನಗ್ತಾರೆ," ಎಂದಳು ಹುಡುಗಿ, ತೀರಾ ಸಾಮಾನ್ಯವಾಗಿ. "ನೀನು ಇನ್ನೊಂದ್ಸಲ ಹೇಳು, ನಾನು ಕೇಳ್ತೀನಿ."

ದೊಡ್ಡಮ್ಮ ಇನ್ನೊಂದು ಸಲ ಹೇಳಿದಳು.

ಶಾಲೆಯ ಸಭಾಂಗಣದಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ದೊಡ್ಡಮ್ಮ ಬೇಕೆಂದೇ ಹಿಂದಿನ ಸಾಲಿನಲ್ಲಿ ಕುಳಿತಳು. ರಟ್ಟಿನ ಡಬ್ಬಗಳಿಗೆ ಬೂದಿ ಬಣ್ಣ ಬಳಿದು ಕುಸಿದ ಕಟ್ಟಡ ಮಾಡಿದ್ದರು. ತಂಗಿಯೇ ಹೊಲಿದ ನೀಲಿ ಮುಖವಾಡ, ಹಳದಿ ಕೈಗವಸು ತೊಟ್ಟ ಹುಡುಗಿ ಕೈ ಎತ್ತಿದಳು. ಹೆತ್ತವರೂ ಮಕ್ಕಳೂ ಸುಮ್ಮನಾದರು. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಒಡೆಯಲಿ, ಈಗ ಒಡೆಯಲಿ ಎಂದು ದೊಡ್ಡಮ್ಮ ಬೇಡಿಕೊಂಡಳು. ಮರುಕ್ಷಣವೇ ಬೇಡ, ನಗುತ್ತಾರೆ ಎಂದೂ ಬೇಡಿಕೊಂಡಳು.

ಮಾತಾಡ್ಬೇಡ, ಉಸಿರಾಡು ಸಾಕು, ನಂಗೆ ಕೇಳಿಸ್ತಿದೆ.

ಎಲ್ಲೂ ಒಡೆಯಲಿಲ್ಲ. ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗಿತ್ತು. ಒಡಕು ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ. ಸಿನಿಮಾದಲ್ಲಿ ಇದ್ದ ಹಾಗೇ ಇದೆಯಲ್ಲ ಎಂದು ಮುಂದಿನ ಸಾಲಿನ ಗಂಡಸು ಹೆಂಡತಿಗೆ ಹೇಳಿದ. ಚಪ್ಪಾಳೆ ಬಿತ್ತು. ಕೆಲವು ಮಕ್ಕಳು, ವಟಗುಟ್ಟುತ್ತಿದ್ದವರು ಇವರೇ ಇರಬೇಕು, ಎದ್ದು ನಿಂತು ಶಿಳ್ಳೆ ಹಾಕಿದರು. ತಂಗಿ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ದೊಡ್ಡಮ್ಮನೂ ಚಪ್ಪಾಳೆ ತಟ್ಟಿದಳು. ತನಗೆ ತಾನೇ ತಟ್ಟಿಕೊಂಡ ಹಾಗಾಯಿತು.

ಬಾಗಿಲ ಬಳಿ ಟೀಚರಮ್ಮ ತಂಗಿಯನ್ನು ನಿಲ್ಲಿಸಿದರು. ಈಚೆಗೆ ತರಗತಿಯಲ್ಲೂ ಹೀಗೇ ಸ್ಪಷ್ಟವಾಗಿ ಓದುತ್ತಾಳೆ, ಗಂಟಲು ಪೂರ್ತಿ ಸರಿಹೋಗಿದೆಯಲ್ಲ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಕೇಳಿದರು. ತಂಗಿ ಬೆಪ್ಪಾದಳು. ಮನೆಯಲ್ಲಿ ಹಾಗೇ ಇದೆಯಲ್ಲ, ಇವತ್ತು ಬೆಳಿಗ್ಗೆಯೂ ಕಪ್ಪೆ ಥರಾನೇ ಮಾತಾಡ್ತಿದ್ದಳು ಎಂದು ನಕ್ಕಳು. ಹುಡುಗಿ ಮುಖವಾಡದ ದಾರ ಬಿಚ್ಚುತ್ತಿದ್ದಳು. ದೊಡ್ಡಮ್ಮ ಅವಳನ್ನೇ ನೋಡಿದಳು. ಹುಡುಗಿ ನೋಡಲಿಲ್ಲ.

ತಂಗಿ ಅಲ್ಲಿಂದಲೇ ಅಂಗಡಿಗೆ ಹೋದಳು. ಇವರಿಬ್ಬರೂ ಬಸ್ ಹತ್ತಿದರು. ದೊಡ್ಡಮ್ಮ ಪರ್ಸಿಗಾಗಿ ಚೀಲದಲ್ಲಿ ಕೈಯಾಡಿಸುವಷ್ಟರಲ್ಲಿ ಹುಡುಗಿ ಗದ್ದ ಸ್ವಲ್ಪ ಮೇಲೆತ್ತಿ, ಭುಜ ಸಡಿಲ ಬಿಟ್ಟು, ಕಂಡಕ್ಟರಿಗೆ ಇಳಿಯುವ ಜಾಗ ಹೇಳಿ ಟಿಕೆಟ್ ಕೇಳಿದಳು. ನಿಂತಿದ್ದವರಿಗೆಲ್ಲ ಕೇಳಿಸುವಂಥ, ತಿಳಿಯಾದ ಧ್ವನಿ. ಒಂದು ಹೆಂಗಸು ತಿರುಗಿ, ಎಷ್ಟು ಚೆನ್ನಾಗಿ ಮಾತಾಡುತ್ತೆ ಮಗು ಎಂಬ ಹಾಗೆ ಮೆಚ್ಚಿಕೊಂಡು ನೋಡಿದಳು. ಆ ಧ್ವನಿ ಎಲ್ಲಿಂದ ಬರುತ್ತಿದೆಯೆಂದು ದೊಡ್ಡಮ್ಮನಿಗೆ ಗೊತ್ತಿತ್ತು.

ಖಾಲಿ ಸೀಟು ಸಿಕ್ಕಿತು. ಹುಡುಗಿ ಕೂರಲಿಲ್ಲ. ಆಚೀಚೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಚಿತ ಮಾಡಿಕೊಂಡು, ದೊಡ್ಡಮ್ಮನ ಕೈ ಜಗ್ಗಿದಳು. ಮೆಲ್ಲಗೆ, ಒಡಕು ಗಂಟಲಲ್ಲಿ ಕೇಳಿದಳು:

"ಕಿಟಕಿ ಹತ್ರ ನಾನು ಕೂತ್ಕೊಳ್ಲಾ?"